ಬೈಟು ಕಾಫಿಯ ಗಾತ್ರವಿಚಾರ

ಘನಕ್ಕೆ ಆಕಾರವೂ ಉಂಟು, ಗಾತ್ರವೂ ಉಂಟು. ದ್ರವಕ್ಕೆ ಗಾತ್ರ ಮಾತ್ರ ಸ್ವಂತದ್ದು, ಆಕಾರ ಪಾತ್ರೆಯದು. ಅನಿಲಕ್ಕೆ ಎರಡೂ ಇಲ್ಲ. ಬಿಟ್ಟರೆ ಊರೆಲ್ಲ ಅದರದೇ. ಇದನ್ನು ಶಾಲೆಯಲ್ಲಿ ಉರು ಹೊಡೆಯದವರಿಲ್ಲ. ಅರ್ಥವಾಗಬೇಕಾದರೆ ಮಾತ್ರ ಬೆಂಗಳೂರಿನ ಹೋಟೆಲಿನಲ್ಲಿ ಗಣಿತದ ಮೇಷ್ಟರ ಜೊತೆ ಬೈಟು ಕಾಫಿ ಕುಡಿಯಬೇಕು.

ನನಗೆ ಅಂಥ ಗೆಳೆಯರೊಬ್ಬರಿದ್ದಾರೆ. ಕಾಫಿ ಲೋಟ-ಬಟ್ಟಲಲ್ಲಿ ಬಂದೊಡನೆ ಲೋಟವನ್ನೆತ್ತಿ, ಸರಿಯಾಗಿ ಅರ್ಧ ಎತ್ತರಕ್ಕೆ ಇಳಿಯುವವರೆಗೆ ಬಟ್ಟಲಿಗೆ ಬಗ್ಗಿಸುತ್ತಾರೆ. ‘ಲೋಟ ನೀವಿಟ್ಕೊಳ್ಳಿ, ಬಿಸಿ ಆರಲ್ಲ’ ಎಂದು ಬಟ್ಟಲನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. ಎಂಥ ತ್ಯಾಗ! ಆದರೆ ಲೋಟದ ತಳ ಕಿರಿದು, ಬಾಯಿ ಅಗಲ. ತಳದ ಅಡ್ಡಳತೆ 5 ಸೆಂಟಿಮೀಟರ್, ಬಾಯಿಯದು 7 ಇದ್ದರೆ, ಮೇಲಿನ ಅರ್ಧದಲ್ಲಿ ಶೇ 58 ಕಾಫಿ, ಕೆಳಗಿನದರಲ್ಲಿ ಶೇ 42. ಆ 58 ಅಗಲದ ಬಟ್ಟಲಲ್ಲಿ ಹರಡಿಕೊಂಡು, ತಳಕ್ಕಂಟಿದ ಬಡಪಾಯಿಯ ಹಾಗೆ ಕಾಣುತ್ತದೆ. ಅದನ್ನು ನೋಡಿ ನನಗೇ ಅಯ್ಯೋ ಅನ್ನಿಸಬೇಕು, ಹಾಗೆ!

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ಮುಂದೆ ಇದೇ ಆಟ ಆಡಿದ್ದರು. ಒಂದು ಲೋಟದ ನೀರನ್ನು ಮಕ್ಕಳೆದುರೇ ಎತ್ತರದ ಸಪೂರ ಲೋಟಕ್ಕೆ ಸುರಿದರೂ, ಏಳರೊಳಗಿನ ಮಕ್ಕಳು ಸಾಮಾನ್ಯವಾಗಿ ‘ಈಗ ಜಾಸ್ತಿ ಆಯ್ತು’ ಅನ್ನುತ್ತಿದ್ದವು. ಪಿಯಾಜೆ ನಮ್ಮ ಹೋಟೆಲಿಗೆ ಬಂದಿದ್ದರೆ ವಯಸ್ಸಿನ ಮಿತಿಯನ್ನು ಎಪ್ಪತ್ತಕ್ಕೆ ಏರಿಸುತ್ತಿದ್ದರು.

ಇನ್ನು ನೊರೆ. ಕಾಫಿ ಮಾಡುವವನು ಹೆಗಲೆತ್ತರದಿಂದ ಎಳೆದೆಳೆದು ಸುರಿಯುವುದು ಕಾಫಿಗೆ ಗಾಳಿ ಬೆರೆಸುವುದಕ್ಕೆ. ಹಾಲಿನ ಪ್ರೋಟೀನು ಅದನ್ನು ಗುಳ್ಳೆಗಳೊಳಗೆ ಹಿಡಿದಿಡುತ್ತದೆ. ನಾವು ಟೇಬಲ್ ಹುಡುಕಿ ಕೂರುವಷ್ಟರಲ್ಲಿ ಗುಳ್ಳೆ ಒಡೆದು, ಗಾಳಿ ತನ್ನ ಸ್ವಭಾವದಂತೆ ಹೋಟೆಲ್ ತುಂಬಿಕೊಳ್ಳಲು ಹೊರಟಿರುತ್ತದೆ. ಲೋಟದಲ್ಲಿ ಒಂದು ಬೆರಳು ಮಟ್ಟ ಇಳಿದಿರುತ್ತದೆ. ಕೊಟ್ಟ ದುಡ್ಡೇನೂ ಇಳಿಯುವುದಿಲ್ಲ.

ಘನವಾದರೂ ನಂಬಿಕಸ್ತನೇ? ಒಂದು ಚಮಚ ಸಕ್ಕರೆಯಲ್ಲಿ ಹರಳುಗಳ ಸಂದಿಯ ಗಾಳಿಯೇ ಅರ್ಧದ ಹತ್ತಿರ. ಒಂದೊಂದು ಹರಳಿಗೂ ಅದರದೇ ಆಕಾರ ಇರಬಹುದು. ಗುಂಪಾದರೆ ಡಬ್ಬಿಯ ಆಕಾರಕ್ಕೆ ಶರಣು. ದ್ರವದಂತೆ ಮಟ್ಟಸವಾಗಿ ನಿಲ್ಲದೆ ಚಮಚದ ಮೇಲೆ ಗೋಪುರ ಕಟ್ಟುತ್ತದೆ, ಅಷ್ಟೇ ವ್ಯತ್ಯಾಸ. ಡಾಕ್ಟರು ‘ಒಂದೇ ಚಮಚ’ ಎಂದಾಗ ಮೇಷ್ಟರು ಆಶ್ರಯಿಸುವುದು ಈ ಗೋಪುರವನ್ನೇ.

ಇದನ್ನೆಲ್ಲ ಸರಿಯಾಗಿ ಅರಿತವನು ಹೋಟೆಲ್ ಮಾಲೀಕ. ಹಿಂದಿನ ಬಾಗಿಲಲ್ಲಿ ಬಂದಿಳಿಯುವ ಗ್ಯಾಸ್ ಸಿಲಿಂಡರನ್ನೇ ನೋಡಿ. ಹೆಸರಿಗೆ ಗ್ಯಾಸ್, ಒಳಗಿರುವುದು ಬಹುಪಾಲು ಒತ್ತಡದಲ್ಲಿ ಕೂರಿಸಿದ ದ್ರವ. ಹೊರಬಂದು ಅನಿಲವಾದರೆ ಸುಮಾರು 250 ಪಟ್ಟು ಹಿಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗುವುದನ್ನು ಲೋಟದಲ್ಲಿ ಅಳೆದುಕೊಳ್ಳುವಷ್ಟು ಪೆದ್ದ ಅವನಲ್ಲ. ತೂಕ, 19 ಕೆ.ಜಿ. ಸಕ್ಕರೆಯೂ ತೂಕ, ಕಾಫಿಪುಡಿಯೂ ತೂಕ. ಮಾರುವುದು ಮಾತ್ರ ಲೋಟದ ಲೆಕ್ಕ.

ಕಾಫಿಯನ್ನೂ ತೂಗಿ ಕೊಡಬಹುದಲ್ಲ ಎಂದು ಮೊನ್ನೆ ಕ್ಯಾಷಿಯರನ್ನು ಕೇಳಿದೆ.

‘ಕೊಡೋಣ ಸಾರ್. ನೊರೆ ಬೇಡ ಅಂತ ಬರೆದುಕೊಳ್ಳಲಾ?’

ಮೇಷ್ಟರು ಹಿಂದಿನಿಂದ ನನ್ನ ತೋಳು ಜಗ್ಗಿದರು. ‘ಬೇಡ ಬೇಡ. ನೊರೆ ಇರಲಿ.’