ಕಪಾಟುವಾಸಿಯೊಡನೆ ಒಂದು ಸಂಭಾಷಣೆ

2026-27ನೆಯ ಸಾಲಿನಿಂದ ಮೂರನೆಯ ಇಯತ್ತೆಯ ಬಾಲಕರಿಗೂ ಕೃತಕ ಬುದ್ಧಿಮತ್ತೆಯನ್ನು ಬೋಧಿಸತಕ್ಕದ್ದೆಂದು ದಿಲ್ಲಿಯಿಂದಲೂ, ಮಕ್ಕಳ ಮುಖವನ್ನು ಯಂತ್ರಕ್ಕೆ ತೋರಿಸಿ ಹಾಜರಿ ಹಾಕಬೇಕೆಂದು ಬೆಂಗಳೂರಿನಿಂದಲೂ ಒಂದರ ಬೆನ್ನಿಗೊಂದು ಘೋಷಣೆ ಹೊರಟು, ಅವುಗಳ ಸಾಧಕಬಾಧಕಗಳನ್ನು ಕುರಿತು ಬಲ್ಲವರೆಲ್ಲ ಮಾತನಾಡಿ ದಣಿದ ಮೇಲೆ, ಈ ವ್ಯಾಜ್ಯದಲ್ಲಿ ಇದುವರೆಗೆ ಯಾರೂ ವಿಚಾರಿಸದೆ ಬಿಟ್ಟ ಸಾಕ್ಷಿದಾರರೊಬ್ಬರು ಉಳಿದಿರುವರೆಂಬುದು ನನ್ನ ಗಮನಕ್ಕೆ ಬಂದಿತು. ಅವರು ಅಥಣಿ ತಾಲೂಕಿನ ಕೊಕಟನೂರ ಸೀಮೆಯ ಒಂದು ತೋಟದ ಶಾಲೆಯಲ್ಲಿ, ಉಕ್ಕಿನ ತಿಜೋರಿಯೊಳಗೆ, ಹಳೆಯ ಹಾಜರಿ ಪುಸ್ತಕಗಳ ಮೇಲೆಯೂ ಬಿಸಿಯೂಟದ ತಟ್ಟೆಗಳ ಕೆಳಗೂ ವಾಸಮಾಡುವ 32 ಅಂಗುಲದ ಸ್ಮಾರ್ಟ್ ಟೀವಿ.

ತೋಟದ ಶಾಲೆಯೆಂದರೇನೆಂದು ಅಥಣಿ, ರಾಯಬಾಗ, ಚಿಕ್ಕೋಡಿಗಳ ಕಡೆಯವರಿಗೆ ವಿವರಿಸಬೇಕಾದುದಿಲ್ಲ. ಮಿಕ್ಕವರಿಗೆ ಇಷ್ಟು ಸಾಕು: ಇಲ್ಲಿಯ ಒಕ್ಕಲು ಮನೆತನಗಳು ಊರನ್ನು ಬಿಟ್ಟು ತಮ್ಮ ತಮ್ಮ ಹೊಲಗಳಲ್ಲಿಯೇ ಮನೆ ಕಟ್ಟಿಕೊಂಡು ನೆಲೆಸಿರುವುದರಿಂದ, ಸರಕಾರವೂ ಅವರ ಬೆನ್ನುಹತ್ತಿ ಹೋಗಿ, ಕಬ್ಬಿನ ಪಡಗಳ ನಡುವೆ, ಮನೆತನದ ಹೆಸರನ್ನೇ ಹೊತ್ತ ಕಿರಿಯ ಪ್ರಾಥಮಿಕ ಶಾಲೆಗಳನ್ನು ಅಲ್ಲಲ್ಲಿ ನಿಲ್ಲಿಸಿದೆ.

ನಾನು ಹೋದ ಹೊತ್ತಿಗೆ ಮಕ್ಕಳು ಹೊರಗೆ ಊಟಕ್ಕೆ ಕುಳಿತಿದ್ದರು, ಶಾಲೆಯ ಶಿಕ್ಷಕಿಯಾದ ಅಕ್ಕೋರು ಮೊಟ್ಟೆಗಳನ್ನು ಎಣಿಸುತ್ತಿದ್ದರು, ಕರೆಂಟು ಇರಲಿಲ್ಲ. ಸಂದರ್ಶನಕ್ಕೆ ಅದೇ ಸುಮುಹೂರ್ತ. ಕರೆಂಟು ಇದ್ದಾಗ ಈ ಮಹನೀಯರ ಬಾಯಿಂದ ಹೊರಡುವುದೆಲ್ಲ ಪರರ ಮಾತು.

ನಾನು: ನಮಸ್ಕಾರ. ತಮ್ಮ ಆರೋಗ್ಯ ಹೇಗಿದೆ?

ಟೀವಿ: ಆರೋಗ್ಯವನ್ನು ಕೇಳುತ್ತೀರಾ, ಸಾಹೇಬರೇ? ಮೊದಲು ನನ್ನ ಹಣೆಯನ್ನು ನೋಡಿರಿ. ದಾನಿಗಳ ಹೆಸರು, ಅವರ ತೀರ್ಥರೂಪರ ಹೆಸರು, ಅವರ ಸಂಘದ ಹೆಸರು, ಇಷ್ಟೂ ಬಿಳಿಯ ಬಣ್ಣದಲ್ಲಿ. ಕಳೆದ ಖಂಡೇನವಮಿಗೆ ವಿಭೂತಿ ಹಚ್ಚಿದವರು ಎಲ್ಲಿಯೂ ಸ್ಥಳ ಸಾಲದೆ, ಕೆಳಗಂಚಿನ ಆ ಕರಿಯ ಚುಕ್ಕೆಯ ಮೇಲೆಯೇ, ರಿಮೋಟಿನ ಕಿರಣ ಒಳಹೊಗುವ ಒಂದೇ ಒಂದು ಕಣ್ಣಿನ ಮೇಲೆಯೇ, ಮೂರು ಬೆರಳು ಎಳೆದರು. ಮರುದಿನ ರಿಮೋಟು ಒತ್ತಿದರು, ನಾನು ಏಳಲಿಲ್ಲ; ಸೆಲ್ಲು ಬದಲಿಸಿದರು, ಏಳಲಿಲ್ಲ; ‘ಕೆಟ್ಟೈತ್ರಿ’ ಎಂದು ಬರೆದುಕೊಂಡು ತಿಜೋರಿಯಲ್ಲಿಟ್ಟರು. ಒಂದು ಹಸಿಬಟ್ಟೆಯಿಂದ ಒರೆಸಿದ್ದರೆ ಸಾಕಿತ್ತು. ಆದರೆ ಇವೆಲ್ಲ ಕ್ಷುದ್ರ ವಿಷಯಗಳು. ನನ್ನ ನಿಜವಾದ ಹಗೆ ಅಕ್ಕೋರ ಚೀಲದೊಳಗಿದೆ. ಆರಂಗುಲದ ಆ ಮೋಟು! ಆ ಮೊಬೈಲು!

ನಾನು: ಅದಿರಲಿ. ತಮಗೆ ದೀಡಕಿ ಬರುತ್ತದೆಯೇ?

ಟೀವಿ: ಏನಕಿ?

ವಾಚಕರ ಕ್ಷಮೆಯನ್ನು ಬೇಡದೆಯೇ ಇಲ್ಲಿ ಒಂದು ಮಾತನ್ನು ಹೇಳಬೇಕಾಗಿದೆ. ನಮ್ಮ ಸೀಮೆಯ ಗಾಂವಠಿ ಶಾಲೆಗಳಲ್ಲಿಯೂ, ಡೆಪ್ಯುಟಿ ಚನ್ನಬಸಪ್ಪನವರಂಥವರ ಹಟದಿಂದ ಮುಂಬಯಿ ಇಲಾಖೆಯಲ್ಲಿ ಬೇರೂರಿದ ಕನ್ನಡ ಶಾಲೆಗಳಲ್ಲಿಯೂ, ಮೂವತ್ತರವರೆಗಿನ ಮಗ್ಗಿ ಮುಗಿಯಿತೆಂದರೆ ಗಣಿತ ಮುಗಿಯಿತೆಂದು ಯಾರೂ ತಿಳಿಯುತ್ತಿರಲಿಲ್ಲ. ಪಾವಕಿ, ನಿಮಕಿ, ಪಾವಣಕಿ, ಸವಾಯಕಿ, ದೀಡಕಿ, ಅಡೀಚಕಿ ಎಂದು ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆಗಳ ಮಗ್ಗಿಗಳನ್ನು ಸಂಜೆಯ ಹೊತ್ತು ಸಾಲಾಗಿ ನಿಲ್ಲಿಸಿ ಒದರಿಸುತ್ತಿದ್ದರು. ಆ ಮಗ್ಗಿಯಲ್ಲಿ ನುರಿತ ಹಿರಿಯರು ಇಂದಿಗೂ ಕಾರಖಾನೆಯ ತೂಕದ ಕಾಟಾದ ಮುಂದೆ ನಿಂತು, 2025ರ ನವೆಂಬರಿನ ಗುರ್ಲಾಪುರದ ಕಬ್ಬು ಬೆಳೆಗಾರರ ಹೋರಾಟದಿಂದ ದೊರೆತ ಟನ್ನಿಗೆ 3,300 ರೂಪಾಯಿಯ ದರಕ್ಕೆ ಹದಿನೇಳೂವರೆ ಟನ್ನು ಕಬ್ಬಿನ ಬೆಲೆ 57,750 ಎಂದು ಚೀಟಿ ಕೈಗೆ ಬರುವ ಮುನ್ನವೇ ಹೇಳಿ ಮುಗಿಸುತ್ತಾರೆ. ಮೊಮ್ಮಗನು ಆ ವೇಳೆಗೆ ಮೊಬೈಲಿನ ಬೀಗವನ್ನೂ ತೆಗೆದಿರುವುದಿಲ್ಲ. ಕಾಟಾದಲ್ಲಿ ಮೋಸವಾದರೆ ಹಿಡಿಯುವವರು ಈ ಇಬ್ಬರಲ್ಲಿ ಯಾರೆಂಬುದನ್ನು ನಾನು ಬಾಯಿಬಿಟ್ಟು ಹೇಳಬೇಕೇ?

ಟೀವಿ: ತಮ್ಮ ಪುರಾಣ ಮುಗಿಯಿತೇ? ನಾನು ಮೊಬೈಲಿನ ಮಾತನ್ನಾಡುತ್ತಿದ್ದೆ. ಸರಕಾರದ ಕಾಗದಗಳಲ್ಲಿ ‘ತಂತ್ರಜ್ಞಾನಾಧಾರಿತ ಕಲಿಕೆ’ ಎಂದರೆ ನಾನು, ಫೋಟೋದಲ್ಲಿ ನಾನು, ಉದ್ಘಾಟನೆಯ ರಿಬ್ಬನ್ನು ಕಟ್ಟಿದ್ದು ನನ್ನ ಮೈಗೆ. ಆದರೆ ಈ ಶಾಲೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಏಕೈಕ ಯಂತ್ರವೆಂದರೆ ಅಕ್ಕೋರು ಸ್ವಂತ ಸಂಬಳದಿಂದ ಕೊಂಡು, ಸ್ವಂತ ದುಡ್ಡಿನಿಂದ ರೀಚಾರ್ಜು ಮಾಡಿಸುವ ಆ ಮೋಟು. ಬೆಳಗ್ಗೆ ಹಾಜರಿ ಅದಕ್ಕೆ. ಮಧ್ಯಾಹ್ನ ಉಂಡವರೆಷ್ಟು, ಮೊಟ್ಟೆಯೆಷ್ಟು, ಬಾಳೆಹಣ್ಣೆಷ್ಟು, ಎಲ್ಲವೂ ಅದಕ್ಕೆ. ಗಿಡ ನೆಟ್ಟರೆ ಗಿಡದ ಫೋಟೋ, ಕೈ ತೊಳೆದರೆ ಕೈಯ ಫೋಟೋ. ಗ್ರೂಪಿನಲ್ಲಿ ‘ಅತೀ ತುರ್ತು’ ಎಂದು ಒಂದು ಸಂದೇಶ ಬಿದ್ದಿತೆಂದರೆ ಎರಡನೆಯ ಇಯತ್ತೆಯ ಕಳೆಯುವ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. 2025ರ ಸೆಪ್ಟೆಂಬರಿನಲ್ಲಿ ಜಾತಿಗಣತಿ ಬಂದಾಗಲಂತೂ, ಅಕ್ಟೋಬರ್ 18ರವರೆಗೆ ಶಾಲೆಗೇ ರಜೆ ಕೊಟ್ಟು, ಅಕ್ಕೋರನ್ನೂ ಆ ಮೋಟನ್ನೂ ತೋಟತೋಟ ತಿರುಗಿಸಿದರು. ನನ್ನನ್ನು ಯಾರಾದರೂ ಗಣತಿಗೆ ಕರೆದರೇ?

ನಾನು: ಆದರೆ ಕೇಳಿರಿ, ಇಲ್ಲಿ ಗಂಭೀರವಾದ ಪ್ರಶ್ನೆಯೊಂದಿದೆ. 2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯವರು 49 ದೇಶಗಳ ಸರಕಾರಗಳು ಒಪ್ಪಿದ 160ಕ್ಕೂ ಹೆಚ್ಚು ಶಿಕ್ಷಣ ತಂತ್ರಾಂಶಗಳನ್ನು ಪರೀಕ್ಷಿಸಿ, ಹತ್ತರಲ್ಲಿ ಒಂಬತ್ತರಷ್ಟು ತಂತ್ರಾಂಶಗಳ ಮಾಹಿತಿಸಂಗ್ರಹದಿಂದ ಮಕ್ಕಳ ಹಕ್ಕುಗಳಿಗೆ ಬಾಧೆಯಿದೆಯೆಂದು ವರದಿ ಮಾಡಿದರು. ನಮ್ಮಲ್ಲಿಯೂ 2023ರ ಮಾಹಿತಿ ಸಂರಕ್ಷಣೆಯ ಕಾಯಿದೆ, ಹದಿನೆಂಟು ತುಂಬದವರ ಮಾಹಿತಿಯನ್ನು ಮುಟ್ಟುವ ಮೊದಲು ತಾಯಿತಂದೆಗಳ ಒಪ್ಪಿಗೆ ಬೇಕೆನ್ನುತ್ತದೆ. ಹಾಗಿರುವಾಗ ಆರು ವರ್ಷದ ಕೂಸಿನ ಮುಖವನ್ನು ದಿನಂಪ್ರತಿ ಯಂತ್ರಕ್ಕೆ ಒಪ್ಪಿಸುವುದು...

ಟೀವಿ: ಹೌದು, ಹೌದು. ಆದರೆ ಆ ಮೋಟಿಗೆ ಗಾಜಿನ ಕವಚ, ಹಿಂದೆ ರಬ್ಬರಿನ ಅಂಗಿ! ನನಗೆ ಗೋಡೆಯಲ್ಲಿ ಎರಡು ಮೊಳೆ ಹೊಡೆಯಲು ಅನುದಾನವಿಲ್ಲ.

ನಾನು: ಕಣ್ಣಿನ ಆರೋಗ್ಯ? ನಡುವೆ ತೂರಿಬರುವ ಜಾಹೀರಾತು?

ಟೀವಿ: ಜಾಹೀರಾತು ಬರಬೇಕಾದರೆ ಮೊದಲು ನೆಟ್ಟು ಬರಬೇಕು. ನೆಟ್ಟು ಬರುವುದು ಆ ಮೋಟಿನಿಂದ. ಎಲ್ಲಕ್ಕೂ ಅದರ ಮುಂದೆಯೇ ಕೈಯೊಡ್ಡಬೇಕು. ನನ್ನ ದುಃಖ ಯಾರಿಗೆ ತಿಳಿಯಬೇಕು?

ನಾನು: ಕರೆಂಟಿನ ಮಾತೇನು? 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ಸರಕಾರಿ ಶಾಲೆಗಳಿಗೆ ವಿದ್ಯುತ್ತು ಉಚಿತವೆಂದು ಸಾರಿದರಲ್ಲ.

ಟೀವಿ: ಬಿಲ್ಲು ಉಚಿತ, ಸಾಹೇಬರೇ. ನಿರಂತರ ಜ್ಯೋತಿ ಯೋಜನೆಯ ಕಾಲದಲ್ಲಿ ಊರಿನ ತಂತಿಯನ್ನೂ ಪಂಪುಸೆಟ್ಟಿನ ತಂತಿಯನ್ನೂ ಬೇರೆಬೇರೆ ಮಾಡಿದಾಗ, ತೋಟದ ಮನೆಗಳು ಪಂಪುಸೆಟ್ಟಿನ ಕಡೆಗೆ ಉಳಿದವು; ಮನೆಗಳ ಜೊತೆಗೆ ಶಾಲೆಯೂ ಉಳಿಯಿತು. ದಿನಕ್ಕೆ ಏಳು ತಾಸು ತ್ರೀಫೇಸ್ ಎಂದು ಲೆಕ್ಕ. ಯಾವ ಏಳು ತಾಸೆಂಬುದು ಪಾಳಿಯ ಮೇಲೆ. ಪಾಳಿ ರಾತ್ರಿಯದಾದ ವಾರ ನಾನು ಕತ್ತಲೆಯಲ್ಲಿ, ಬೀಗ ಹಾಕಿದ ಕೋಣೆಯಲ್ಲಿ, ತಿಜೋರಿಯೊಳಗೆ ಸರ್ವಸಮರ್ಥನಾಗಿರುತ್ತೇನೆ. ಅದೇ ಮೋಟನ್ನಾದರೆ ಮನೆಯಿಂದಲೇ ಚಾರ್ಜು ಮಾಡಿ ತರುತ್ತಾರೆ.

ಈ ಮಹಾಶಯರ ಒಂದೇ ರಾಗವನ್ನು ಕೇಳಿ ಬೇಸತ್ತು, ತಮ್ಮ ಜೀವಮಾನದಲ್ಲಿ ಪಾಠವೆಂಬುದು ಒಮ್ಮೆಯಾದರೂ ನಡೆದಿದೆಯೇ ಎಂದು ಕೇಳಿದೆ. ಕೇಳಿದ ಕೂಡಲೇ ಅವರು ಸಂಕೋಚದಿಂದ, ಯಾರಿಗೂ ಹೇಳಬಾರದೆಂದು ಮೊದಲೇ ಮಾತು ತೆಗೆದುಕೊಂಡು, ಒಂದು ಅಪಮಾನದ ವೃತ್ತಾಂತವನ್ನು ಹೇಳಿದರು; ನಾನು ಮಾತನ್ನು ಮುರಿದು ಅದನ್ನು ಇಲ್ಲಿ ಕೊಡುತ್ತಿದ್ದೇನೆ.

ಟೀವಿ: ಈಗಿನ ಅಕ್ಕೋರಿಗಿಂತ ಮೊದಲು ಒಬ್ಬ ಮಾಸ್ತರರಿದ್ದರು, ಆಮೇಲೆ ಬೇರೆ ಕಡೆಗೆ ವರ್ಗವಾಯಿತು. ಅವರು ಮನೆಯಲ್ಲಿಯೇ ಸಮುದ್ರದ ಒಂದು ಚಿತ್ರವನ್ನು ಹುಡುಕಿ, ಪೂರ್ತಿಯಾಗಿ ತಾವು ನೋಡಿ, ಬೇಡವಾದುದನ್ನು ಕತ್ತರಿಸಿ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದಿದ್ದರು. ನಾಲ್ಕೇ ನಿಮಿಷದ ಚಿತ್ರ. ಈ ಮಕ್ಕಳು ಕೃಷ್ಣೆಯ ಮಹಾಪೂರವನ್ನು ಬಲ್ಲವರು, ಸಮುದ್ರವನ್ನು ಕಂಡವರಲ್ಲ. ನಾನು ನನ್ನ ಸಕಲ ವರ್ಣವೈಭವದಿಂದ ಒಂದು ತೆರೆಯನ್ನು ಎಬ್ಬಿಸಿದ್ದೇ ತಡ, ಆ ಮನುಷ್ಯ ನನ್ನನ್ನು ನಿಲ್ಲಿಸಿಬಿಟ್ಟರು! ತೆರೆ ಅರ್ಧದಲ್ಲಿ ನಿಂತಿದೆ. ಮುಂದೇನಾಗುತ್ತದೆಂದು ಮಕ್ಕಳನ್ನು ಕೇಳುತ್ತಿದ್ದಾರೆ. ಮಕ್ಕಳು ನನ್ನನ್ನು ಬಿಟ್ಟು ತಮ್ಮ ಪಾಟಿಯ ಮೇಲೆ ತೆರೆಯನ್ನು ಬರೆಯುತ್ತಿದ್ದಾರೆ! ಒಬ್ಬನು ತೆರೆ ಒಡೆಯುತ್ತದೆಂದ, ಇನ್ನೊಬ್ಬನು ಹೊಲಕ್ಕೆ ನುಗ್ಗುತ್ತದೆಂದ. ಮತ್ತೆ ಹಚ್ಚಿದರು, ಮತ್ತೆ ನಿಲ್ಲಿಸಿದರು. ಒಬ್ಬ ಹುಡುಗಿ ಎದ್ದು, ‘ಸರ, ಇದರ ಆಚೀ ದಂಡಿ ಎಲ್ಲೈತ್ರಿ?’ ಎಂದಳು. ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಭೂಗೋಲವನ್ನು ತರಲು ಒಬ್ಬನನ್ನು ಓಡಿಸಿದರು. ಅಲ್ಲಿಂದ ಮುಂದೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕು ನಿಮಿಷದ ನನ್ನನ್ನು ಮುಂದಿಟ್ಟುಕೊಂಡು ಮುಕ್ಕಾಲು ತಾಸು ತಾವೇ ಮಾತನಾಡಿದರು. ಇದಕ್ಕಿಂತ ದೊಡ್ಡ ಅವಮರ್ಯಾದೆ ಉಂಟೇ?

ನಾನು: ಆ ಮಾಸ್ತರರು ದೀಡಕಿಯನ್ನೂ ಹೇಳಿಕೊಡುತ್ತಿದ್ದಿರಬೇಕು.

ಟೀವಿ: ಅದೆಲ್ಲ ನನಗೆ ಗೊತ್ತಿಲ್ಲ. ಆ ದಿನದ ಪಾಠದ ಫೋಟೋ ತೆಗೆಯುವುದನ್ನು ಮರೆತರು. ಮೇಲಿನವರ ದಾಖಲೆಯಲ್ಲಿ ಅದು ನಡೆದೇ ಇಲ್ಲ. ಅವರ ಮೋಟೂ ಅಂದು ಇಡೀ ದಿನ ಚೀಲದೊಳಗೆ ಮುಚ್ಚಿಕೊಂಡಿತ್ತು, ಅದೊಂದೇ ಸಮಾಧಾನ.

ನಾನು: ಕೊರೋನಾದಿಂದ ಶಾಲೆಗಳೆಲ್ಲ ಮುಚ್ಚಿದ್ದ 2020ರಲ್ಲಿ ತಾವೆಲ್ಲಿದ್ದಿರಿ?

ಟೀವಿ: ಇಲ್ಲಿಯೇ.

ನಾನು: ಆಗಂತೂ ಮೊಬೈಲು ಗೆದ್ದಿತಲ್ಲವೇ? ಪಾಠವೆಲ್ಲ ಅದರಲ್ಲಿಯೇ ನಡೆಯಿತಲ್ಲ.

ಟೀವಿ: ಎಲ್ಲಿ ನಡೆಯಿತು? ಯಾರಿಗೆ ನಡೆಯಿತು? ಆ ಜೂನಿನಲ್ಲಿ ಸಣ್ಣ ಮಕ್ಕಳಿಗೆ ಆನ್‌ಲೈನ್ ಪಾಠ ಕೂಡದೆಂದು ಸರಕಾರ ಹೇಳಿತು. ಜುಲೈ 8ರಂದು ಹೈಕೋರ್ಟು ಅದನ್ನು ತಡೆಹಿಡಿಯಿತು. ಜುಲೈ 14ರಂದು ದಿಲ್ಲಿಯವರು ‘ಪ್ರಜ್ಞಾತ’ ಎಂಬ ಮಾರ್ಗಸೂಚಿಯನ್ನು ಹೊರಡಿಸಿ, ಒಂದರಿಂದ ಎಂಟನೆಯ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡೇ ಅವಧಿಯೆಂದರು. ಹೆಚ್ಚಾಗಬಾರದಂತೆ. ಕಣ್ಣು ಕೆಡುತ್ತದಂತೆ. ಈ ತೋಟದಲ್ಲಿ ಇದ್ದುದು ಒಂದು ಫೋನು. ಅದು ಅಪ್ಪನ ಕಿಸೆಯಲ್ಲಿ, ಅಪ್ಪ ಹೊಲದಲ್ಲಿ. ಇಲ್ಲಿ ಕಡಿಮೆ ಮಾಡಲು ಒಂದು ನಿಮಿಷವೂ ಇರಲಿಲ್ಲ. ಅಗಸ್ಟಿನಲ್ಲಿ ವಿದ್ಯಾಗಮವೆಂದು ಮಾಸ್ತರರು ಗಿಡದ ನೆರಳಿಗೆ ಬಂದರು. ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ಒಂದರಿಂದ ಐದನೆಯ ಇಯತ್ತೆಯವರಿಗೆ ಈ ಬಾಗಿಲು ತೆರೆದುದು 2021ರ ಅಕ್ಟೋಬರ್ 25ರಂದು. 2020ರ ಜೂನಿನಲ್ಲಿ ಒಂದನೆಯ ಇಯತ್ತೆಗೆ ಹೆಸರು ಹಚ್ಚಿದ ಹುಡುಗಿ ಮೊಟ್ಟಮೊದಲ ಸಲ ಈ ಕೋಣೆಯೊಳಗೆ ಕಾಲಿಟ್ಟಾಗ ಎರಡನೆಯ ಇಯತ್ತೆಯಲ್ಲಿದ್ದಳು. ಕೈಯಲ್ಲಿ ಪಾಟಿ ಕೊಟ್ಟರು. ಅದನ್ನು ಯಾವ ಮಗ್ಗುಲಿನಿಂದ ಹಿಡಿಯಬೇಕೆಂದು ಪಕ್ಕದವಳನ್ನು ನೋಡಿದಳು. ಪಕ್ಕದವಳೂ ಇವಳನ್ನೇ ನೋಡುತ್ತಿದ್ದಳು. ಅಷ್ಟು ದಿನ ಕಬ್ಬಿನ ರವದಿ ಸುಲಿದ ಕೈ. ಗಣಕದ ದಾಖಲೆಯಲ್ಲಿ ಮಾತ್ರ ಆಕೆ ಎಲ್ಲಿಯೂ ಹಿಂದೆ ಬಿದ್ದಿರಲಿಲ್ಲ, ಪಾಸಾಗಿದ್ದಳು. ಈಗ ಅದೇ ಗಣಕಕ್ಕೆ ಮಕ್ಕಳ ಮುಖ ಬೇಕಂತೆ. ಮುಖವನ್ನು ತೆಗೆದುಕೊಂಡು ಏನು ಮಾಡುತ್ತದೆ? ಆ ಮುಖದಲ್ಲಿ ತಿಳಿಯಿತೋ ಇಲ್ಲವೋ ಎಂಬುದು ಬರೆದಿರುತ್ತದೆ, ಅದನ್ನು ಓದುತ್ತದೆಯೇ? ನಾನೂ ಓದಲಾರೆ. ಓದಬಲ್ಲವರು ಒಬ್ಬರಿದ್ದಾರೆ, ಅವರನ್ನು ಮೊಟ್ಟೆ ಎಣಿಸಲು ಕೂರಿಸಿದ್ದೀರಿ.

ನನಗೆ ಪ್ರಶ್ನೆ ಹೊಳೆಯಲಿಲ್ಲ, ದೀಡಕಿಯೂ ಹೊಳೆಯಲಿಲ್ಲ. ಯುನೆಸ್ಕೋದವರು 2023ರಲ್ಲಿ ಶಿಕ್ಷಣದ ತಂತ್ರಜ್ಞಾನವನ್ನು ಕುರಿತು ಪ್ರಕಟಿಸಿದ ಬೃಹದ್ವರದಿಯಲ್ಲಿ, ಈ ಉಪಕರಣ ಯಾರ ಶರತ್ತಿನ ಮೇಲೆ ನಡೆಯಬೇಕೆಂದು ತಲೆಬರಹದಲ್ಲಿಯೇ ಕೇಳಿದ್ದರು. ಸ್ವೀಡನ್ನಿನಂಥ ಸಿರಿವಂತ ದೇಶವೂ ಅದೇ ವರ್ಷ ಸಣ್ಣ ಮಕ್ಕಳ ಕೈಗೆ ಮುದ್ರಿತ ಪುಸ್ತಕವನ್ನು ಮರಳಿ ಕೊಡಲು ಹಣ ತೆಗೆದಿಟ್ಟಿತು. ಇದನ್ನೆಲ್ಲ ಕಪಾಟುವಾಸಿಗೆ ತಿಳಿಸಿ, ಅವರ ಅಭಿಪ್ರಾಯದಲ್ಲಿ ನಮ್ಮಲ್ಲಿ ಈ ಶರತ್ತನ್ನು ವಿಧಿಸಬೇಕಾದವರು ಯಾರೆಂದು ಕೇಳಬೇಕೆನ್ನುವಷ್ಟರಲ್ಲಿ, ಊಟದ ಗಂಟೆ ಮುಗಿದು ಮಕ್ಕಳು ಒಳಗೆ ನುಗ್ಗಿದರು. ಹಿಂದೆಯೇ ಅಕ್ಕೋರು ಮೊಬೈಲು ಹಿಡಿದು ಬಂದವರು ನನ್ನನ್ನು ನೋಡಿ ಹಿಗ್ಗಿದರು.

“ಸರ, ಒಂದ ನಿಮಿಷ ಅಲ್ಲೇ ಕೂಡ್ರಿ. ಸ್ಮಾರ್ಟ್ ಕ್ಲಾಸ್ ನಡದದ್ದ ಫೋಟೋ ಇವತ್ತ ಐದರೊಳಗ ಗ್ರೂಪಿಗೆ ಹಾಕಬೇಕ್ರಿ.”

“ಕರೆಂಟೇ ಇಲ್ಲವಲ್ಲ, ತಾಯಿ?”

“ಪರದಿ ಹತ್ತಿರಬೇಕಂತ ಆರ್ಡರಿನ್ಯಾಗ ಇಲ್ರಿ. ಮಂದಿ ಕಾಣಬೇಕ, ಅಷ್ಟ.”

ತಿಜೋರಿಯ ಬಾಗಿಲನ್ನು ಪೂರ್ತಿಯಾಗಿ ತೆರೆದು, ತಟ್ಟೆಗಳನ್ನು ಇಳಿಸಿ, ಟೀವಿಯನ್ನು ಮೇಜಿನ ಮೇಲೆ ನಿಲ್ಲಿಸಲಾಯಿತು. ನಾನು ಮೂರನೆಯ ಇಯತ್ತೆಯ ಸಾಲಿನ ಕೊನೆಯಲ್ಲಿ, ಜಮಖಾನದ ಮೇಲೆ ಮೊಣಕಾಲು ಮಡಿಸಿ ಕುಳಿತೆ. ಫೋಟೋ ತೆಗೆದು, ‘ಫಲಾನುಭವಿಗಳು’ ಎಂಬ ಸ್ಥಳದಲ್ಲಿ 23 ಎಂದು ಬರೆದ ಅಕ್ಕೋರು, ಒಮ್ಮೆ ನನ್ನನ್ನು ನೋಡಿ, ಅದನ್ನು ಅಳಿಸಿ 24 ಎಂದು ತಿದ್ದಿದರು.