ಲೇಖನಪೀಠ ಮೀಮಾಂಸೆ

ಇನ್ನು ಮೇಜಿನ ಜಿಜ್ಞಾಸೆ. ಮನೆಯಲ್ಲಿ ಬರೆಯುವವರಿಗೆ ಸ್ವಂತ ಜಾಗ ಬೇಕೆ ಬೇಡವೆ ಎಂಬಲ್ಲಿ ಎರಡು ಪಕ್ಷಗಳುಂಟು. ಬೇಕೆನ್ನುವವರು ಇನ್ನೂ ಬರೆಯಲು ಶುರು ಮಾಡದವರು. ಬೇಡವೆನ್ನುವವರು ಅದೇ ಮನೆಯ ಉಳಿದೆಲ್ಲರೂ.

ಬೇಡವೆನ್ನುವವರ ಬ್ರಹ್ಮಾಸ್ತ್ರ ಕುಮಾರವ್ಯಾಸ. ಗದುಗಿನ ವೀರನಾರಾಯಣ ದೇವಸ್ಥಾನದಲ್ಲಿ ಕಂಬಕ್ಕೊರಗಿ, ಉಟ್ಟ ಒದ್ದೆ ಬಟ್ಟೆ ಆರುವಷ್ಟು ಹೊತ್ತು ಮಾತ್ರ ಕಾವ್ಯ ಕಟ್ಟುತ್ತಿದ್ದನೆಂಬುದು ಐತಿಹ್ಯ. ಕಂಬವನ್ನು ಈಗಲೂ ತೋರಿಸುತ್ತಾರೆ. ಹಲಗೆ ಬಳಪ ಹಿಡಿಯಲಿಲ್ಲ, ಬರೆದದ್ದನ್ನು ಅಳಿಸಲಿಲ್ಲ ಎಂದು ಕವಿಯೇ ಹೇಳಿಕೊಂಡಿದ್ದಾನೆ. ಮೇಜಿನ ಮಾತೆತ್ತಿದಾಗಲೆಲ್ಲ ನಮ್ಮ ಅತ್ತೆಯವರು ಈ ಪ್ರಮಾಣವನ್ನೇ ಮುಂದಿಡುತ್ತಾರೆ. ಇದಕ್ಕೆ ನಮ್ಮ ಖಂಡನೆ: ಕಂಬ ದೇವಸ್ಥಾನದ್ದು. ಅದರ ಬುಡದಲ್ಲಿ ಕೂತವನಿಗೆ, ‘ಹೇಗೂ ಸುಮ್ನೆ ಕೂತಿದ್ದೀಯ, ಮೂರು ಕೂಗು ಆದ್ಮೇಲೆ ಕುಕ್ಕರ್ ಆರಿಸಮ್ಮ’ ಎಂದು ಯಾರೂ ಹೇಳುವುದಿಲ್ಲ. ಇದಲ್ಲದೆ, ಒದ್ದೆ ಬಟ್ಟೆಯ ವಿಧಾನವನ್ನು ಆಷಾಢದ ಮಲೆನಾಡಿನಲ್ಲಿ ಪಾಲಿಸಿದರೆ ಕಾವ್ಯ ವಾರಗಟ್ಟಲೆ ನಿಲ್ಲುವುದೇ ಇಲ್ಲವೆಂಬ ದೋಷವೂ ಉಂಟು.

ಪಶ್ಚಿಮದ ಪ್ರಮಾಣ ವರ್ಜೀನಿಯಾ ವುಲ್ಫ್ ಅವರದು. ಹೆಂಗಸು ಕಥೆ ಕಾದಂಬರಿ ಬರೆಯಬೇಕಾದರೆ ವರ್ಷಕ್ಕೆ 500 ಪೌಂಡ್ ವರಮಾನ, ಬೀಗವಿರುವ ಸ್ವಂತ ಕೋಣೆ ಬೇಕೆಂದು ಆಕೆ 1929ರಲ್ಲೇ ಬರೆದರು. ಪೌಂಡಿನ ಚರ್ಚೆ ಬೇಡ, ಅದು ಹೇಗೂ ಬರುವುದಿಲ್ಲ. ಬೀಗ ಮಾತ್ರ ನಮ್ಮ ಹವೆಗೆ ಒಗ್ಗದು. ಹಾಡಹಗಲು ಸೊಸೆ ಒಳಗಿಂದ ಚಿಲಕ ಹಾಕಿಕೊಂಡರೆ ಹತ್ತು ನಿಮಿಷದಲ್ಲಿ ಎದುರು ಮನೆಯವರೂ ಬಾಗಿಲಲ್ಲಿ ನಿಂತಿರುತ್ತಾರೆ. ಹೆಂಗಸರಿಗೆ ಕೋಣೆಯೊಂದು ಆಗಲೇ ಇದೆ, ಅದರಲ್ಲಿ ಗ್ಯಾಸ್ ಒಲೆಯೂ ಇದೆ ಎಂದು ವಾದಿಸಿದ ಪಂಡಿತರೊಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ಅವರ ಎರಡನೆಯ ಕಾಫಿ ಅಂದಿನಿಂದ ನಿಂತಿದೆ.

ಸ್ಥಳನಿರ್ಣಯಕ್ಕೆ ವಾಸ್ತುವೇ ಗತಿ. ಈಶಾನ್ಯ ದೇವರಿಗೆ, ಆಗ್ನೇಯ ಒಲೆಗೆ, ನೈಋತ್ಯ ಯಜಮಾನರ ಮಂಚಕ್ಕೆ, ವಾಯವ್ಯ ಬಂದುಹೋಗುವ ನೆಂಟರಿಗೆ. ನಡುವಿನ ಬ್ರಹ್ಮಸ್ಥಾನ ಖಾಲಿ ಇರಬೇಕಂತೆ; ಅಲ್ಲಿ ಟೀವಿ ನೋಡುವವರು ಕೂತಿದ್ದಾರೆ. 30×40 ಸೈಟಿನ ಮನೆಯಲ್ಲಿ ಕೊನೆಗೆ ಯಾರೂ ಕೇಳದೆ ಉಳಿಯುವುದು ಮೆಟ್ಟಿಲ ಕೆಳಗೆ, ಯುಪಿಎಸ್ ಬ್ಯಾಟರಿಯ ಪಕ್ಕದ ಜಾಗ. ಇಲ್ಲಿ ಎದ್ದರೆ ತಲೆ ಬಡಿಯುತ್ತದೆ, ಆದ್ದರಿಂದ ಲೇಖಕಿ ಕೂತೇ ಇರುತ್ತಾಳೆ. ಕರೆಂಟು ಹೋದಾಗ ಮನೆಗೆಲ್ಲ ಬೆಳಕು ಇಲ್ಲಿಂದಲೇ ಹೊರಡುತ್ತದೆ ಎಂಬ ಸಂಗತಿಯನ್ನು ಮುಂದೆ ಮುನ್ನುಡಿ ಬರೆಯುವವರು ಬಳಸಿಕೊಳ್ಳಬಹುದು.

ಈಗ ಮೂಲ ಸಿದ್ಧಾಂತ. ಸಂಸಾರಸ್ಥರ ಮನೆಯಲ್ಲಿ ಸಮತಟ್ಟಾದದ್ದು ಯಾವುದೂ ಖಾಲಿ ಉಳಿಯದು. ಮೊದಲ ದಿನ ಮೇಜಿನ ಮೇಲೆ ಕಾಗದ, ಪೆನ್ನು. ಮರುದಿನ ‘ಇಲ್ಲೇ ಇರ್ಲಿ, ಆಮೇಲೆ ತೆಗೀತೀನಿ’ ಎಂಬ ಮಂತ್ರಪೂರ್ವಕವಾಗಿ ಇಸ್ತ್ರಿಯಿಂದ ಬಂದ ಬಟ್ಟೆ. ಅದರ ಮೇಲೆ ಕರೆಂಟು ಬಿಲ್ಲು. ಬಿಲ್ಲು ಹಾರದಿರಲೆಂದು ಒಂದು ತೆಂಗಿನಕಾಯಿ. ಕಾಯಿ ಸಂಕಷ್ಟಿಯ ಪೂಜೆಗೆ ತೆಗೆದಿಟ್ಟದ್ದು, ಮುಟ್ಟುವಂತಿಲ್ಲ. ತಳದ ಕಾಗದ ಯಾವ ಕಾಲದ್ದೆಂದು ಹೇಳಲು ಈಗ ಪುರಾತತ್ತ್ವ ಇಲಾಖೆಯವರೇ ಬರಬೇಕು.

ಆದಕಾರಣ ನಿರ್ಣಯ: ರಾತ್ರಿ ಎಲ್ಲರೂ ಮಲಗಿದ ಮೇಲೆ, ಒರೆಸಿಟ್ಟ ಊಟದ ಮೇಜೇ ಲೇಖನಪೀಠ. ಕುಮಾರವ್ಯಾಸ ಒದ್ದೆ ಆರುವ ತನಕ ಬರೆದ, ನಾವು ಒದ್ದೆ ಆರಿದ ಮೇಲೆ ಶುರು ಮಾಡುತ್ತೇವೆ; ಭೇದ ಇಷ್ಟೆ. ಮೆಟ್ಟಿಲ ಕೆಳಗಿನ ಮೇಜು ಬೇಕಾದವರು ಬಂದು ಒಯ್ಯಬಹುದು. ತೆಂಗಿನಕಾಯಿಯ ವಿಷಯ ಮಾತ್ರ ಅತ್ತೆಯವರನ್ನು ಕೇಳಿ.