ಟ್ರಯಲ್ ಕ್ಲಾಸ್ ವಿದುಷಿ

ಬೆಂಗಳೂರಿನ ಜಯನಗರ, ಬನಶಂಕರಿ ಕಡೆ ಸಂಜೆ ಐದರ ಮೇಲೆ ಯಾವ ಅಡ್ಡರಸ್ತೆಗೆ ಹೊಕ್ಕರೂ ಒಂದಲ್ಲ ಒಂದು ಮಹಡಿಯಿಂದ ತಟ್ಟುಕೋಲಿನ ಸದ್ದು ಕೇಳಿಸುತ್ತದೆ. ಆ ಮಹಡಿಗಳ ಮೆಟ್ಟಿಲನ್ನೆಲ್ಲ ಹತ್ತಿ ಇಳಿದವರು ನಮ್ಮ ಮೇಡಂ. ಹೆಸರು ಬೇಡ, ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಒಬ್ಬರಿದ್ದೇ ಇರುತ್ತಾರೆ. ವಯಸ್ಸು ಐವತ್ತರ ಆಚೀಚೆ. ಮಗ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ, ಗಂಡ ಮೊಬೈಲಿನಲ್ಲಿ. ಚಿಕ್ಕಂದಿನಲ್ಲಿ ಭರತನಾಟ್ಯ ಕಲೀತೀನಿ ಅಂದಾಗ ಅಪ್ಪ ಕರಕೊಂಡು ಹೋಗಿ ಟೈಪಿಂಗ್ ಕ್ಲಾಸಿಗೆ ಸೇರಿಸಿದರು. ಹಾಗಾಗಿ ಜೂನಿಯರ್, ಸೀನಿಯರ್ ಎರಡೂ ಪಾಸಾಗಿದೆ, ಟೈಪಿಂಗಿನಲ್ಲಿ.

ಈಗ ಪುರುಸೊತ್ತೂ ಇದೆ, ದುಡ್ಡೂ ಇದೆ. ಇಲ್ಲದ್ದು ಒಂದೇ, ಸರಿಯಾದ ಕ್ಲಾಸು. ಒಂದು ಕಡೆ ಗುರುಗಳು ಹಿರಿಯರು, ಬೈದರೆ ತಡೆಯೋಕಾಗಲ್ಲ. ಇನ್ನೊಂದು ಕಡೆ ಟೀಚರಿಗೆ ಇಪ್ಪತ್ತಾರು ವರ್ಷ, ಬೈಯುವುದೇ ಇಲ್ಲ, ಹಾಗಾದರೆ ಕಲಿಯೋದು ಹೇಗೆ? ಗೋಡೆ ತುಂಬ ಕನ್ನಡಿ ಇದ್ದರೆ ನೋಡಿಕೊಳ್ಳಲು ಸಂಕಟ, ಕನ್ನಡಿ ಇಲ್ಲದಿದ್ದರೆ ತಪ್ಪು ಗೊತ್ತಾಗಲ್ಲ. ಗ್ರಾನೈಟ್ ನೆಲ ಮಂಡಿಗೆ ಆಗದು (ಇದು ಮಾತ್ರ ನಿಜ, ಕಲ್ಲಿನ ಮೇಲೆ ಕಾಲು ತಟ್ಟಿದವರನ್ನು ಕೇಳಿ). ಮೂರನೇ ಮಹಡಿಗೆ ಲಿಫ್ಟಿಲ್ಲ. ಮೇಲಾಗಿ ಪಾರ್ಕಿಂಗ್ ಇಲ್ಲ. ಆನ್‌ಲೈನ್ ಕ್ಲಾಸೂ ನೋಡಿದ್ದಾಯಿತು. ಮೊಬೈಲನ್ನು ಮಿಕ್ಸಿ ಜಾರಿಗೆ ಒರಗಿಸಿ ನಿಂತರೆ ತಲೆ ಕಂಡಾಗ ಪಾದ ಕಾಣದು, ಪಾದ ಕಂಡಾಗ ತಲೆ ಇಲ್ಲ. ‘ಮೇಡಂ, ಸ್ವಲ್ಪ ಹಿಂದೆ ಹೋಗಿ’ ಎಂದು ಟೀಚರು ಹೇಳುತ್ತ ಹೇಳುತ್ತ ಇವರು ಯುಟಿಲಿಟಿ ತಲುಪಿದ್ದರು.

ವಯಸ್ಸಿನ ಮಾತೆತ್ತಿದಿರೋ, ದಾಖಲೆ ಸಿದ್ಧವಿದೆ. ರುಕ್ಮಿಣೀದೇವಿ ಹುಟ್ಟಿದ್ದು 1904ರಲ್ಲಿ, ಅಡಯಾರಿನಲ್ಲಿ ಮೊದಲ ಸಲ ಭರತನಾಟ್ಯ ಪ್ರದರ್ಶನ ಕೊಟ್ಟದ್ದು 1935ರಲ್ಲಿ. ಲೆಕ್ಕ ಹಾಕಿ! ನಮ್ಮ ಸೆಂಟ್ರಲ್ ಕಾಲೇಜಿನ ಕೆಮಿಸ್ಟ್ರಿ ಪ್ರೊಫೆಸರು ಯು.ಎಸ್. ಕೃಷ್ಣರಾವ್ ಮೀನಾಕ್ಷಿಸುಂದರಂ ಪಿಳ್ಳೆಯವರ ಹತ್ತಿರ ಕಲಿತು ದೊಡ್ಡ ನರ್ತಕರಾಗಲಿಲ್ಲವೇ? ರುಕ್ಮಿಣೀದೇವಿ ಆ ಪ್ರದರ್ಶನಕ್ಕೆ ಮುಂಚೆಯೇ ಪಾವ್ಲೋವಾ ತಂಡದ ಕಲಾವಿದೆಯಿಂದ ಬ್ಯಾಲೆ ಕಲಿತಿದ್ದರು ಎಂಬ ಸಂಗತಿಗೆ ಬಂದಾಗ ಮೇಡಮ್ಮಿಗೆ ಕೆಮ್ಮು ಬರುತ್ತದೆ.

ಕ್ಲಾಸಿನ ಒಳಗೆ ಹೋಗುವ ಮೊದಲು ದಾಟಬೇಕಾದದ್ದು ಮೆಟ್ಟಿಲ ಮೇಲೆ ಕೂತ ತಾಯಂದಿರನ್ನು. ಮಕ್ಕಳ ನೀರಿನ ಬಾಟಲಿ ಮಡಿಲಲ್ಲಿಟ್ಟುಕೊಂಡು ಅವರು ಪ್ರೀತಿಯಿಂದಲೇ ಕೇಳುತ್ತಾರೆ, ‘ನಿಮ್ಮ ಮಗಳು ಯಾವ ಬ್ಯಾಚು?’

‘ಮಗಳಲ್ಲ...’

‘ಓ, ಮೊಮ್ಮಗಳಾ!’

ದೊಡ್ಡವರಿಗೆಂದೇ ಇರುವ ಬಿಗಿನರ್ಸ್ ಬ್ಯಾಚಿಗೂ ಹೋಗಿ ಬಂದರು. ಅಲ್ಲಿನ ಮೋಸವೇ ಬೇರೆ. ಅಲ್ಲಿರುವವರೆಲ್ಲ ‘ನಾನೂ ಝೀರೋ ಕಣ್ರೀ’ ಎನ್ನುತ್ತಾರೆ. ಟೀಚರು ಕೋಲು ಎತ್ತಿದ್ದೇ ತಡ, ಅಷ್ಟೂ ಜನ ಪುಳಕ್ಕನೆ ಅರೆಮಂಡಿಯಲ್ಲಿ ಕೂತುಬಿಟ್ಟರು. ವಿಚಾರಿಸಿದರೆ ಒಬ್ಬಳು ಜೂನಿಯರ್ ಪರೀಕ್ಷೆ ಮುಗಿಸಿ ಎಸ್ಸೆಸ್ಸೆಲ್ಸಿಗಾಗಿ ಬಿಟ್ಟವಳು, ಇನ್ನೊಬ್ಬಳು ಸೀನಿಯರ್ ಆದ ಮೇಲೆ ಮದುವೆಯಾದವಳು. ನಿಜವಾದ ಝೀರೋ ಇಡೀ ಹಾಲಿನಲ್ಲಿ ಒಂದೇ, ಹಿಂದಿನ ಸಾಲಿನ ಕಂಬದ ಮರೆಯಲ್ಲಿತ್ತು.

ಕೊನೆಗೆ ಮಕ್ಕಳ ಬ್ಯಾಚೇ ವಾಸಿ ಎಂದು ಹೋದ ದಿನ ನಾನೂ ಜೊತೆಗಿದ್ದೆ. ಹಿಮ್ಮಡಿ ಕೂಡಿಸಿ, ಪಾದ ಪಕ್ಕಕ್ಕೆ ತಿರುಗಿಸಿ, ಮಂಡಿ ಅಗಲಿಸಿ ಕೂರಬೇಕು, ಬೆನ್ನು ನೆಟ್ಟಗಿರಬೇಕು. ‘ಇನ್ನೂ ಕೂತ್ಕೊಳ್ಳಿ ಮೇಡಂ’ ಎಂದರು ಟೀಚರು. ಮೇಡಂ ಪ್ರಕಾರ ಅವರು ಆಗಲೇ ಕೂತಿದ್ದರು. ‘ಇನ್ನೂ ಸ್ವಲ್ಪ.’ ಬಗ್ಗಿದ್ದು ಸೊಂಟ, ಮುಂದೆ ಬಂದದ್ದು ಮೂಗು, ಮಂಡಿ ಇದ್ದಲ್ಲೇ. ಪಕ್ಕದ ಎಂಟು ವರ್ಷದ ಪೋರಿ ಒಮ್ಮೆ ನೋಡಿ, ಗಂಭೀರವಾಗಿ, ‘ಆಂಟಿ, ಮಂಡಿ’ ಅಂದಳು.

ತಟ್ಟಡವು ಶುರುವಾಯಿತು. ಕೈ ಸೊಂಟದ ಮೇಲೆ, ಕಾಲಿಗಷ್ಟೇ ಕೆಲಸ, ತೈಯ ತೈ. ಒಂದನೇ ಕಾಲದಲ್ಲಿ ಮೇಡಂ ಎಲ್ಲರ ಜೊತೆಗೇ ಇದ್ದರು, ನಾನು ಕಣ್ಣಾರೆ ಕಂಡಿದ್ದೇನೆ. ಎರಡನೇ ಕಾಲದಲ್ಲಿ ಒಂದು ತಟ್ಟು ಹಿಂದೆ. ಮೂರನೇ ಕಾಲದಲ್ಲಿ ಮಕ್ಕಳು ಮುಗಿಸಿ ನೀರು ಕುಡಿಯಲು ಓಡಿದ ಮೇಲೂ ಇವರದು ನಡೆದೇ ಇತ್ತು. ಟೀಚರು ಪಾಪ, ಒಬ್ಬರಿಗಾಗಿ ಕೋಲು ತಟ್ಟಿದರು.

ಮುಗಿದ ಮೇಲೆ ಎಲ್ಲರಂತೆ ಗುರುಗಳ ಕಾಲಿಗೆ ನಮಸ್ಕರಿಸಲು ಮೇಡಂ ಬಗ್ಗಿದರು. ತಮ್ಮ ತಾಯಿಗಿಂತ ದೊಡ್ಡವರು ಕಾಲಿಗೆ ಬೀಳುತ್ತಿರುವುದು ನೋಡಿ ಟೀಚರು ‘ಅಯ್ಯೋ ಬೇಡಿ ಮೇಡಂ’ ಎನ್ನುತ್ತ ಹಿಂದೆ ನೆಗೆದರು. ನೆಗೆದ ಜಾಗಕ್ಕೆ ಇವರು ಇನ್ನೊಮ್ಮೆ ಬಗ್ಗಿದರು. ಅಂದಿನ ತರಗತಿಯಲ್ಲಿ ಲಯಬದ್ಧವಾಗಿ ನಡೆದ ನೃತ್ಯ ಅದೊಂದೇ.

ಆದರೆ ಥಿಯರಿ ಮಾತ್ರ ಕೇಳಬೇಡಿ. ‘ಅಭಿನಯ ದರ್ಪಣ’ದ 28 ಅಸಂಯುತ ಹಸ್ತ ವಾರದೊಳಗೆ ಬಾಯಿಪಾಠ. ಆಟೋ ನಿಲ್ಲಿಸುವುದು ಪತಾಕದಲ್ಲಿ, ತರಕಾರಿಯವನಿಗೆ ಅರ್ಧ ಕೆಜಿ ತೋರಿಸುವುದು ಅರ್ಧಪತಾಕದಲ್ಲಿ. ಅವನು ಎರಡು ಕೆಜಿ ತೂಗಿದ. ತಟ್ಟಡವು ದಾಟುವ ಮೊದಲೇ ಗೆಜ್ಜೆಪೂಜೆ ಯಾವ ತಿಂಗಳು ಎಂದು ವಿಚಾರಿಸಿದ್ದಾರೆ, ಸೀರೆಯ ಬಣ್ಣ ಗೊತ್ತಾದರೆ ಬ್ಲೌಸ್ ಹೊಲಿಯಲು ಹಾಕಬಹುದಲ್ಲ. ರಂಗಪ್ರವೇಶಕ್ಕೆ ಯಾವ ಹಾಲು, ಊಟಕ್ಕೆ ಯಾವ ಕೇಟರರು ಎಂಬುದೂ ತಲೆಯಲ್ಲಿದೆ.

ಮೊನ್ನೆ ಲಿಫ್ಟಿನಲ್ಲಿ ಸಿಕ್ಕರು. ಎರಡೂ ಮಂಡಿಗೆ ಕ್ಯಾಪು, ಮುಖದಲ್ಲಿ ಹೊಸ ಕಳೆ.

‘ಕಥಕ್ಕಿನಲ್ಲಿ ಈ ಅರೆಮಂಡಿ ರಗಳೆ ಇಲ್ವಂತೆ ರೀ. ನೆಟ್ಟಗೆ ನಿಂತೇ ಮಾಡೋದು. ಭಾನುವಾರ ಡೆಮೊ ಇದೆ, ಬರ್ತೀರಾ?’

‘ಅದರಲ್ಲಿ ಗರಗರ ಚಕ್ಕರ್ ತಿರುಗಬೇಕಲ್ಲ ಮೇಡಂ, ನಿಮಗೆ ಮೊದಲೇ ತಲೆಸುತ್ತು...’

‘ಅದು ಆಮೇಲಿನ ಮಾತು. ಪಾರ್ಕಿಂಗ್ ಇದೆ.’